ಭೀಮನ ಗದೆಗೆ ಹೋದ ತಂಬೂರಿ ಬುರುಡೆ

ವಾದ್ಯ ಮಾಡುವ ಕೆಲಸ ಕಲಿಯಲು ಬರುವ ಹುಡುಗರು ನನ್ನನ್ನು ಮರದ ಬಗ್ಗೆ ಕೇಳುತ್ತಾರೆ, ತಂತಿಯ ಬಗ್ಗೆ ಕೇಳುತ್ತಾರೆ, ಮೆರುಗು ಹೇಗೆ ಬರಿಸುವುದೆಂದು ಕೇಳುತ್ತಾರೆ. ಒಂದು ಅಂಗಡಿ ಎಷ್ಟು ಬಗೆಯ ಸಾಮಾನು ಮಾಡಬೇಕು ಎಂದು ಯಾರೂ ಕೇಳುವುದಿಲ್ಲ. ಈಚೆಗೆ ಸಿಂಧನೂರಿನ ಒಬ್ಬ ತರುಣ ಬಂದಿದ್ದ. ಗಿಟಾರ್ ಮಾಡುವ ಅಂಗಡಿ ಹಾಕುತ್ತಾನಂತೆ. ಒಳ್ಳೆಯದು ಎಂದೆ. ಗಿಟಾರಿನ ಜೊತೆಗೆ ಡ್ರಮ್ಮು, ಡ್ರಮ್ಮಿನ ಜೊತೆಗೆ ಸ್ಪೀಕರ್ ಪೆಟ್ಟಿಗೆ, ಮದುವೆ ಮಂಟಪದ ಕಂಬ, ಶಾಲೆಗೆ ಬೆಂಚು, ಎಲ್ಲವನ್ನೂ ಮಾಡುತ್ತೇನೆ ಎಂದ. ನಾನು ಅವನನ್ನು ಕೂರಿಸಿ ಚಹಾ ತರಿಸಿದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಉಳಿದವರಿಗೂ ಉಪಯೋಗವಾದರೆ ಆಗಲಿ.

ನಮ್ಮದು ಮುಕ್ಕುಂದ. ಅಪ್ಪ ಎತ್ತಿನ ಬಂಡಿ ಮಾಡುತ್ತಿದ್ದರು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಮದುವೆಯಾದ ಹೊಸತರಲ್ಲಿ, ನಾನು ಲಿಂಗಸುಗೂರಿಗೆ ಕೆಲಸ ಹುಡುಕಿಕೊಂಡು ಹೋದೆ. ಅಲ್ಲಿ ಶರಣಪ್ಪ ಸಾವುಕಾರರ ತಂಬೂರಿ ಅಂಗಡಿ ಇತ್ತು. ವ್ಯಾಪಾರಸ್ಥರ ಮನೆತನದವರಾದರೂ ಸಾವುಕಾರರಿಗೆ ಉಳಿ ಹಿಡಿಯುವ ಹುಚ್ಚು. ತಂಬೂರಿ ಮತ್ತು ಏಕತಾರಿ, ಇವೆರಡೇ ಅವರು ಮಾಡುತ್ತಿದ್ದದ್ದು. ಭಜನೆಯವರು, ತತ್ವಪದ ಹಾಡುವವರು ಎಲ್ಲೆಲ್ಲಿಂದಲೋ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಕೆಲಸ ಕೇಳಿದಾಗ ಸಾವುಕಾರರು ನನ್ನ ಕೈ ನೋಡಲಿಲ್ಲ. ಒಂದು ಒಣಗಿದ ಸೋರೆಬುರುಡೆಯನ್ನು ನನ್ನ ಕಿವಿಗೆ ಹಿಡಿದು ಬೆರಳ ಗೆಣ್ಣಿನಿಂದ ಬಡಿದರು.

"ಏನು ಕೇಳಿಸ್ತು?"

"ಏನೂ ಇಲ್ರಿ. ಟಕ್ ಅಂತು, ಅಷ್ಟ."

"ಛಲೋ ಆತು. ಹಿಂದಿನಾಂವ 'ಓಂ ಅಂತ ಕೇಳಿಸ್ತರಿ' ಅಂದಿದ್ದ. ನಾಳಿಂದ ಬಾ."

ಆ ಅಂಗಡಿಯ ಆಸ್ತಿಯೆಂದರೆ ಹಿಂದಿನ ಅಡುಗೆಮನೆಯ ಜಂತಿಗೆ ತೂಗುಹಾಕಿದ್ದ ಬುರುಡೆಗಳು. ಸಾಲಗುಂದದ ಭೀಮನಗೌಡ ಎಂಬ ರೈತರು ತಮ್ಮ ಹೊಲದ ಅಂಚಿನಲ್ಲಿ ಕಹಿ ಸೋರೆಯ ಬಳ್ಳಿ ಹಬ್ಬಿಸುತ್ತಿದ್ದರು. ಕಾಯಿ ಬಳ್ಳಿಯಲ್ಲೇ ಬಲಿತು ಒಣಗಬೇಕು. ಆಮೇಲೆ ಒಳಗಿನ ತಿರುಳು ತೆಗೆದು, ಒಲೆಯ ಹೊಗೆ ತಾಗುವ ಹಾಗೆ ಮೇಲೆ ಕಟ್ಟಿ, ಎರಡು ಮೂರು ವರ್ಷ ಮರೆತುಬಿಡಬೇಕು. ಅಷ್ಟಾದ ಮೇಲೆ ಅದಕ್ಕೆ ದನಿ ಕೂಡುತ್ತದೆ. ಅವಸರ ಮಾಡಿದರೆ ತಂಬೂರಿ ನೆಗಡಿಯಾದವರಂತೆ ಮಾತಾಡುತ್ತದೆ.

ಆ ಅಡುಗೆಮನೆ ಸಾವುಕಾರರ ಅಕ್ಕ ಗುರಮ್ಮನವರದು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಮನೆಯನ್ನೂ ತಮ್ಮನನ್ನೂ ಅಂಗಡಿಯನ್ನೂ ಕೈಗೆ ತೆಗೆದುಕೊಂಡಿದ್ದರು. ನನಗೆ ಮೇಲಧಿಕಾರಿ ಎಂದರೆ ಅವರೇ. ಸಾವುಕಾರರು ಬೈದರೆ ಆ ಹೊತ್ತಿಗೆ ಮುಗಿಯುತ್ತಿತ್ತು. ಗುರಮ್ಮಕ್ಕ ಬೈಯುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಅದು ಊಟಕ್ಕೆ ಕುಳಿತಾಗಲೂ ಗಂಟಲಲ್ಲಿ ನಿಲ್ಲುತ್ತಿತ್ತು.

ಕಾಲ ಬದಲಾಯಿತು. ಉರ್ದು ಶಾಲೆಗಳ ಜೊತೆಗೆ ಕನ್ನಡ ಶಾಲೆಗಳು ಬಂದವು, ಊರೂರಿಗೆ ಭಜನಾ ಮಂಡಳಿ ಹುಟ್ಟಿತು, ನಾಟಕ ಕಂಪನಿಗಳು ಧೈರ್ಯವಾಗಿ ಟೆಂಟು ಹೊಡೆಯತೊಡಗಿದವು. ಒಬ್ಬರು ಬಂದು ಢೋಲಕ್ ಇದೆಯೇ ಎಂದು ಕೇಳಿದರು. ಸಾವುಕಾರರು "ಮುಂದಿನ ಸಂತಿಗೆ ಬರ್ರಿ" ಅಂದುಬಿಟ್ಟರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಮೌನೇಶ, ಢೋಲಕ್ ಹ್ಯಾಂಗ ಮಾಡ್ತಾರ?" ಎಂದು ಕೇಳಿದರು.

ಮರದ ಕೊಳವೆ ನನಗೆ ಕಷ್ಟವಾಗಲಿಲ್ಲ. ಬಂಡಿ ಗಾಲಿಯ ನಡುವಿನ ಗುಂಬ ಕೊರೆದ ಕೈ. ಚರ್ಮದ್ದೇ ತಾಪತ್ರಯ. ಚರ್ಮ ಮನೆಯೊಳಗೆ ಬರಕೂಡದೆಂದು ಗುರಮ್ಮಕ್ಕ ಹೊಸ್ತಿಲಲ್ಲಿ ಕುಳಿತುಬಿಟ್ಟರು. ಹಾಗಾಗಿ ಮೊದಲ ಢೋಲಕ್ಕುಗಳಿಗೆ ಚರ್ಮ ಬಿಗಿದು ಹೊರಗೆ ಕಟ್ಟೆಯ ಮೇಲೆ ಬಿಸಿಲಿಗಿಟ್ಟೆವು. ಊಟ ಮಾಡಿ ಬರುವಷ್ಟರಲ್ಲಿ ಬಜಾರದ ನಾಯಿಗಳು ಎರಡರ ಚರ್ಮ ಕಿತ್ತು ತಿಂದು, ಮೂರನೆಯದನ್ನು ಎಳೆದುಕೊಂಡು ಹೋಗುತ್ತಿದ್ದವು. ಸಾವುಕಾರರು ಮುಂಡಾಸು ಕೈಯಲ್ಲಿ ಹಿಡಿದು ಹಿಂದೆ ಓಡಿದರು. ನಾಯಿ ಮುಂದೆ, ಢೋಲಕ್ ನಡುವೆ, ಸಾವುಕಾರರು ಹಿಂದೆ. ಬಜಾರಿನವರು ಅದನ್ನು ಬಹಳ ದಿನ ನೆನೆಸಿಕೊಂಡು ನಕ್ಕರು.

"ಶರಣಾ, ನಾಯಿಗೆ ಬಾರಿಸಾಕ ಬರ್ತಿತ್ತೇನು?" ಎಂದು ಗುರಮ್ಮಕ್ಕ ಕೇಳಿದರು.

ಅದಾದ ಮೇಲೆ ಹಾರ್ಮೋನಿಯಂ. ಸ್ವರ ಹುಟ್ಟಿಸುವ ಹಿತ್ತಾಳೆಯ ರೀಡುಗಳು ಮುಂಬಯಿಯಿಂದ ಬರುತ್ತಿದ್ದವು. ಪೆಟ್ಟಿಗೆ, ಗಾಳಿ ತುಂಬುವ ತಿದಿ, ಬೆರಳಿಡುವ ಮನೆಗಳು, ಇವು ನಮ್ಮವು. ಮೊದಲ ಪೆಟ್ಟಿಗೆ ಸಿಂಧನೂರಿನ ಕಡೆಯ ಒಂದು ಹೊಸ ಶಾಲೆಗೆ ಹೋಯಿತು. ಶಾಲೆ ತೆರೆಯುವ ದಿನ ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ನಾನೂ ಸಾವುಕಾರರೂ ಹಿಂದಿನ ಸಾಲಿನಲ್ಲಿ ಎದೆಯುಬ್ಬಿಸಿ ಕುಳಿತಿದ್ದೆವು.

ಪ್ರಾರ್ಥನೆ ಚೆನ್ನಾಗಿಯೇ ಆಯಿತು. ಆದರೆ ಮುಗಿಯುವಾಗ ಒತ್ತಿದ ಒಂದು ಬಿಳಿ ಮನೆ ಮೇಲೇಳಲಿಲ್ಲ. ಮರ ಹಸಿಯಿತ್ತು, ಉಬ್ಬಿ ಸಿಕ್ಕಿಕೊಂಡಿತ್ತು. ಮಾಸ್ತರರು ತಿದಿ ಬಿಟ್ಟರು, ಸದ್ದು ನಿಂತಿತು, ಯಾರಿಗೂ ಗೊತ್ತಾಗಲಿಲ್ಲ. ಹಾರ್ಮೋನಿಯಂ ಇದ್ದ ಮೇಜಿನ ಮುಂದೆಯೇ ಅಧಿಕಾರಿಗಳು ಭಾಷಣಕ್ಕೆ ನಿಂತರು. ಅವರಿಗೆ ಮಾತಿನ ಕೊನೆಗೆ ಮೇಜು ಗುದ್ದುವ ಅಭ್ಯಾಸ.

"ವಿದ್ಯೆಯಿಂದಲೇ ದೇಶ ಮುಂದೆ ಬರಬೇಕು!" ಎಂದು ಗುದ್ದಿದರು. ಕೊಂಡಿ ಹಾಕದ ತಿದಿ ಹಾರಿ ಬಿದ್ದು ಪೆಟ್ಟಿಗೆ "ಹೊಂಯ್" ಅಂದಿತು.

ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡರು. ಸಾವುಕಾರರು ನನ್ನ ತೊಡೆ ಜಿಗುಟಿದರು. ಅಧಿಕಾರಿಗಳು ಒಂದು ಸಲ ಪೆಟ್ಟಿಗೆಯ ಕಡೆ ನೋಡಿ, "ಹೆಣ್ಣುಮಕ್ಕಳೂ ಓದಬೇಕು!" ಎಂದು ಮತ್ತೆ ಗುದ್ದಿದರು. "ಹೊಂಯ್." ಹೀಗೆ ಒಂದಿಷ್ಟು ಹೊತ್ತು ನಡೆದ ಮೇಲೆ ಅವರ ದನಿಯೇ ಮೆಲ್ಲಗೆ ಆ ಸ್ವರಕ್ಕೆ ಇಳಿಯಿತು. ಕೊನೆಕೊನೆಗೆ ಅವರು ರಸ್ತೆ, ಬಾವಿ, ಸಿಡುಬಿನ ಚುಚ್ಚುಮದ್ದು ಎಲ್ಲವನ್ನೂ ಕೀರ್ತನೆಯವರ ಹಾಗೆ ಎಳೆದು ಎಳೆದು ಹೇಳುತ್ತಿದ್ದರು. ಜನ ತಲೆದೂಗಿದರು. ಅಂಥ ಭಾಷಣ ತಾವು ಎಂದೂ ಮಾಡಿರಲಿಲ್ಲವೆಂದು ಅವರೇ ಹೊಗಳಿ, ಬೇರೆ ಶಾಲೆಗಳಿಗೂ ನಮ್ಮ ಅಂಗಡಿಯ ಪೆಟ್ಟಿಗೆಯನ್ನೇ ತರಿಸಲು ಹೇಳಿಹೋದರು.

ಇದರಿಂದ ಸಾವುಕಾರರು ತಪ್ಪು ಪಾಠ ಕಲಿತರು. ಕೆಟ್ಟದ್ದನ್ನು ಮಾಡಿದರೂ ನಡೆಯುತ್ತದೆ ಎಂದಲ್ಲ, ಅವರು ಅಂಥ ಮನುಷ್ಯರಲ್ಲ. ಏನನ್ನು ಮಾಡಿದರೂ ನಡೆಯುತ್ತದೆ ಎಂದು ತಿಳಿದರು.

ತಬಲಾ ಬಂತು, ತಾಳ ಬಂತು, ಗೆಜ್ಜೆ ಕಟ್ಟುವ ಪಟ್ಟಿ ಬಂತು. ಒಂದೊಂದು ಬಂದಾಗಲೂ ಅಂಗಡಿಯ ಬೋರ್ಡಿಗೆ ಹೊಸ ಹಲಗೆ ಜೋಡಿಸುವ ಕೆಲಸ ನನ್ನದು. ಹೀಗೆ ಬೆಳೆದು ಬೋರ್ಡು ನಮ್ಮ ಗೋಡೆ ದಾಟಿ ಪಕ್ಕದ ಖಾದರ್ ಭಾಯಿಯ ಚಹಾದ ಹೋಟೆಲ್ ಮೇಲೆ ಹೋಯಿತು. ಖಾದರ್ ಭಾಯಿ ಒಳ್ಳೆಯವರು, ಒಂದು ತಿಂಗಳು ತಡೆದರು. ಕೊನೆಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಸಾವ್ಕಾರ್ರ, ನನ್ನ ಬಾಗಲ ಮ್ಯಾಲೆ 'ಇಲ್ಲಿ ಚರ್ಮ ಬಿಗಿದು ಕೊಡಲಾಗುತ್ತದೆ' ಅಂತ ಐತಿ. ಮಂದಿ ಓದಿ ಚಾ ಕುಡೀದ ಹೊಂಟಾರ. ನನ್ನ ಕಡಿ ಬರೋ ಹಲಗಿ ಮ್ಯಾಲಾದ್ರೂ ಏನಾರ ತಿನ್ನೂದು ಬರಸ್ರಿ ಜರಾ."

ಸಾವುಕಾರರು ಅದಕ್ಕೂ ಒಪ್ಪಿದರು. ಬೋರ್ಡಿನ ಕೊನೆಯ ಹಲಗೆಯ ಮೇಲೆ 'ಮತ್ತು ಬಿಸಿ ಚಹಾ' ಎಂದು ಬರೆಸಿದರು. ದಾರಿಹೋಕರು ನಮ್ಮ ಅಂಗಡಿಗೆ ಬಂದು ಚಹಾ ಕೇಳತೊಡಗಿದರು.

ಗಿಟಾರಿನ ವಿಷಯವನ್ನು ಆ ತರುಣ ಎರಡು ಸಲ ಹೇಳಿಸಿಕೊಂಡ. ಆಗ ಸಿಂಧನೂರಿನ ಕಡೆ ಕಾಲುವೆಯ ಕೆಲಸ ಜೋರಾಗಿ ನಡೆದಿತ್ತು. ಕಾಲುವೆಯ ಕ್ಯಾಂಪಿನಲ್ಲಿ ಮದರಾಸಿನ ಕಡೆಯ ಒಬ್ಬ ಓವರ್ಸಿಯರ್ ಇದ್ದರು. ಬೇಸರ ಕಳೆಯಲು ಅವರಿಗೆ ಗಿಟಾರ್ ಬೇಕಾಗಿತ್ತು. ಒಂದು ಸಿನಿಮಾ ಪತ್ರಿಕೆಯಲ್ಲಿದ್ದ ಚಿತ್ರ ತೋರಿಸಿದರು. ಚಿತ್ರದಲ್ಲಿ ಗಿಟಾರಿನ ಮುಕ್ಕಾಲು ಪಾಲು ನಟಿಯ ಸೆರಗಿನ ಹಿಂದೆ ಇತ್ತು. ನಾವು ಅದನ್ನು ಅಂಗಡಿಗೆ ತಂದು ಗೋಡೆಗೆ ಅಂಟಿಸಿದೆವು.

ಗುರಮ್ಮಕ್ಕ ಬಂದು ನಿಂತು ನೋಡಿದರು. "ಇದಕ್ಕ ನಡಾ ಯಾಕ ಐತಿ?"

"ಅದರ ಆಕಾರನ ಹಂಗಬೇ ಅಕ್ಕ," ಎಂದರು ಸಾವುಕಾರರು.

"ಸೀರಿ ನಾವ ಉಡಿಸಿ ಕಳಸಬೇಕೇನು?"

ನಾನು ಬಂಡಿಯವನು. ಗಟ್ಟಿಯಾಗಿರಲೆಂದು ಸಾಗುವಾನಿಯ ದಪ್ಪ ಹಲಗೆ ಹಾಕಿದೆ. ಬಾರಿಸಿದರೆ ಬಾಗಿಲು ಬಡಿದಂತಾಯಿತು. ಆಗ ಮೇಲಿನ ಹಲಗೆಯನ್ನು ಹತ್ತರಿ ಹಿಡಿದು ಹಪ್ಪಳದಷ್ಟು ತೆಳುವಾಗುವವರೆಗೆ ಹೆರೆದೆ. ಚರ್ಮ ಕುದಿಸಿ ಮಾಡಿದ ಸರೇಸಿನಿಂದ ಅಂಟಿಸಿ, ತಂಬೂರಿಯ ಉಕ್ಕಿನ ತಂತಿಯನ್ನೇ ಆರು ಎಳೆದೆ. ಸಾವುಕಾರರೂ ನಾನೂ ಅದನ್ನು ಬಟ್ಟೆಯಲ್ಲಿ ಸುತ್ತಿ ಕ್ಯಾಂಪಿಗೆ ಒಯ್ದೆವು. ಮಧ್ಯಾಹ್ನ, ಕೂಲಿಯವರೆಲ್ಲ ನೆರಳಿನಲ್ಲಿ ರೊಟ್ಟಿ ಬಿಚ್ಚಿದ್ದರು. ಓವರ್ಸಿಯರ್ ಸಾಹೇಬರು ಗಿಟಾರನ್ನು ಮಗುವಿನಂತೆ ಎತ್ತಿಕೊಂಡು, ಕೊನೆಯ ತಂತಿಯನ್ನು ಇನ್ನೂ ಸ್ವಲ್ಪ ಏರಿಸು ಎಂದು ಸನ್ನೆ ಮಾಡಿದರು. ನಾನು ಬಿರಡೆ ತಿರುಗಿಸಿದೆ. ಇನ್ನೂ ಸ್ವಲ್ಪ ಎಂದರು. ತಿರುಗಿಸಿದೆ.

ಢಂ!

ಅಂಟು ಬಿಟ್ಟು ಮೇಲಿನ ಹಲಗೆ ಹಾರಿತು. ಬಂಡೆಗೆ ಮದ್ದಿಟ್ಟು ಸಿಡಿಸುವುದನ್ನು ದಿನವೂ ಕೇಳುವ ಜನ. ಕ್ಯಾಂಪಿಗೆ ಕ್ಯಾಂಪೇ ರೊಟ್ಟಿ ಬಿಟ್ಟು ನೆಲಕ್ಕೆ ಬೋರಲು ಬಿತ್ತು. ಓವರ್ಸಿಯರ್ ಮೇಜಿನ ಕೆಳಗೆ ಹೊಕ್ಕರು. ನಿಂತವರೆಂದರೆ ನಾನು, ಸಾವುಕಾರರು ಮತ್ತು ಎರಡು ಕತ್ತೆಗಳು. ಸ್ವಲ್ಪ ಹೊತ್ತಾದ ಮೇಲೆ ಮೇಜಿನ ಕೆಳಗಿನಿಂದ ಹಿಂದಿಯಲ್ಲಿ, ಹೇಳದೆ ಕೇಳದೆ ಮದ್ದು ಸಿಡಿಸಿದವರು ಯಾರು ಎಂಬ ಪ್ರಶ್ನೆ ಬಂತು.

ಸಾವುಕಾರರು ಕೈಮುಗಿದು, "ನಾವ ರೀ ಸಾಹೇಬ್ರ," ಅಂದರು.

ಎರಡನೆಯ ಗಿಟಾರ್ ಸಿಡಿಯಲಿಲ್ಲ. ಓವರ್ಸಿಯರ್ ಅದನ್ನು ಇಟ್ಟುಕೊಂಡರು, ಪಾಪ ಬಾರಿಸಿದರು ಕೂಡ. ಬೋರ್ಡಿನ ಮೇಲೆ 'ಗಿಟಾರ್' ಎಂಬ ಶಬ್ದವನ್ನೂ ಹತ್ತಿಸಿದೆವು.

ಅಲ್ಲಿಂದ ಮುಂದೆ ವಾದ್ಯಕ್ಕೂ ಅಲ್ಲದ್ದಕ್ಕೂ ಗೆರೆ ಅಳಿಸಿತು. ಮಸ್ಕಿಯಲ್ಲೊಂದು, ಸಿಂಧನೂರಿನಲ್ಲೊಂದು ಅಂಗಡಿ ತೆರೆದೆವು. ತೊಟ್ಟಿಲು, ಲಟ್ಟಣಿಗೆ, ಶಾಲೆಯ ಬೆಂಚು ಮಾಡಿದೆವು. ನಾಟಕದವರಿಗೆ ಕಿರೀಟ, ಭುಜಕೀರ್ತಿ ಮಾಡಿದೆವು. ಕೈತುಂಬ ಕೆಲಸ. ಸಾವುಕಾರರು ಒಂದು ಊರಿನಿಂದ ಇನ್ನೊಂದು ಊರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು, ಉಳಿ ಮುಟ್ಟಿ ಎಷ್ಟು ದಿನವಾಯಿತೆಂದು ಅವರಿಗೇ ಗೊತ್ತಿರಲಿಲ್ಲ. ತಂಬೂರಿ ಕೇಳಿ ಬಂದವರಿಗೆ 'ಆಮೇಲೆ ಬರ್ರಿ' ಎನ್ನುವುದು ರೂಢಿಯಾಯಿತು.

ಆ ದಿನಗಳಲ್ಲೇ ಗದೆಯ ಬೇಡಿಕೆ ಬಂತು. ಮರದ ಗದೆ ಭಾರ, ತಗಡಿನದು ಕುಣಿದರೆ ಖಣಖಣ ಎನ್ನುತ್ತದೆ, ಹಗುರವಾದ ದೊಡ್ಡ ಗದೆ ಬೇಕು ಎಂದು ಒಂದು ಕಂಪನಿಯವರು ಕೇಳಿದರು. ಸಾವುಕಾರರು ತಲೆಯೆತ್ತಿ ಜಂತಿ ನೋಡಿದರು. ನನಗೆ ಅರ್ಥವಾಯಿತು. ಬುರುಡೆಗೆ ಬಟ್ಟೆ ಮೆತ್ತಿ, ಬಂಗಾರದ ಬಣ್ಣ ಬಳಿದು, ಹಿಡಿಕೆ ಸಿಕ್ಕಿಸಿದೆ. ಎಂಥ ಭೀಮನೂ ಒಂದೇ ಕೈಯಲ್ಲಿ ಗರಗರ ತಿರುಗಿಸಬಹುದು. ಒಂದು ಕಂಪನಿಯನ್ನು ನೋಡಿ ಇನ್ನೊಂದು ಬಂತು. ಭೀಮನಾಯಿತು, ದುರ್ಯೋಧನನಾಯಿತು, ಹನುಮಂತನೂ ಆಯಿತು.

ಒಂದು ದಿನ ಗುರಮ್ಮಕ್ಕ ರೊಟ್ಟಿ ಬಡಿಯುತ್ತ ಕೇಳಿದರು: "ಶರಣಾ, ಹೊಗಿ ಈಗ ಸರಾಗ ಮ್ಯಾಲೆ ಹೊಂಟೈತಿ. ಯಾಕ?"

ಸಾವುಕಾರರು ಮಸ್ಕಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು.

ಆಷಾಢದಲ್ಲಿ ಗುರುಗುಂಟಾದ ನೀಲಮ್ಮ ಬಂದರು. ವಯಸ್ಸಾದ ಹಾಡುಗಾರ್ತಿ. ನಮ್ಮ ಸೀಮೆಯ ಭಜನೆಗಳಲ್ಲಿ ಅವರ ಪದ ಕೇಳಲೆಂದೇ ಜನ ಕೂಡುತ್ತಿದ್ದರು. ಬಂಡಿಯಿಂದ ಇಳಿದು, ಒಂದು ಕೌದಿಯನ್ನು ನಮ್ಮ ಮುಂದೆ ಬಿಚ್ಚಿದರು. ಅದರಲ್ಲಿ ಒಂದು ತಂಬೂರಿಯ ದಂಡಿ, ತಂತಿಗಳು, ಮತ್ತು ಚೂರುಚೂರಾದ ಬುರುಡೆ. ಎಮ್ಮೆ ಕಣ್ಣಿ ಹರಿದುಕೊಂಡು ಪಡಸಾಲೆಗೆ ನುಗ್ಗಿತ್ತಂತೆ.

"ನೀವ ಮಾಡಿಕೊಟ್ಟದ್ದು ಸಾವ್ಕಾರ್ರ, ವಯಸ್ಸಿನಾಗ. ಬುರುಡಿ ಬದಲ ಮಾಡ್ರಿ. ಧ್ವನಿ ಬದಲ ಮಾಡಬ್ಯಾಡ್ರಿ."

"ಇಲ್ಲೇ ಇಟ್ಟು ಹೋಗ್ರಿ. ಆಮ್ಯಾಲೆ…"

"ಆಮ್ಯಾಲೆ ಅನ್ನಬ್ಯಾಡ್ರಿ. ಶ್ರಾವಣ ಹತ್ರ ಬಂತು, ತಿಂಗಳಪೂರ್ತಿ ಹಾಡೂದೈತಿ. ನನಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ. ಇದು ಮೀಟಿದ್ರ ಒಂದರ ಹಿಂದ ಒಂದು ಪದ ಬರ್ತಾವ. ಇದು ಒಡದ ಮ್ಯಾಲೆ ಕುಂತು ನೋಡೀನಿ, ಎಷ್ಟೋ ಪದ ಬರವಲ್ಲವು. ಹಾಳಾಗಿ ಹೋದುವೇನೋ ಅಂತ ಎದಿ ಹೊಡಕೊಳ್ಳಾಕತ್ತೈತಿ."

ಅಷ್ಟು ಹೇಳಿ ಅವರು ಅಂಗಡಿಯ ಸುತ್ತ ಕಣ್ಣಾಡಿಸಿದರು. ತೊಟ್ಟಿಲು, ಬೆಂಚು, ಲಟ್ಟಣಿಗೆ, ಕಿರೀಟ.

"ಇದು ವಾದ್ಯದ ಅಂಗಡೀನೋ, ಮಗಳನ್ನ ಗಂಡನ ಮನಿಗೆ ಕಳಸೋ ಬಂಡೀನೋ?"

ಸಾವುಕಾರರು ನಗಲಿಲ್ಲ. ಒಳಗೆ ಹೋಗಿ ಜಂತಿಯ ಕೆಳಗೆ ನಿಂತರು. ಹಗ್ಗಗಳು ಮಾತ್ರ ತೂಗುತ್ತಿದ್ದವು. ಮಸ್ಕಿಗೂ ಸಿಂಧನೂರಿಗೂ ಆಳು ಕಳಿಸಿದೆವು, ಅಲ್ಲೂ ಒಂದು ಬುರುಡೆಯೂ ಇರಲಿಲ್ಲ. ನಾನು ಹಲಸಿನ ಮರ ಕೊರೆದು ಬುರುಡೆಯಂಥ ಒಂದು ಗುಡಾಣ ಮಾಡಿ ಜೋಡಿಸಿದೆ. ಗುರಮ್ಮಕ್ಕನ ಹತ್ತಿರ ಉಳಿದುಕೊಂಡಿದ್ದ ನೀಲಮ್ಮ ಅದನ್ನು ಮೀಟಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಛಲೋ ಐತಿ. ಆದ್ರ ಇದು ಬ್ಯಾರೆ ಯಾರದೋ ಮನಿ ತಮ್ಮಾ. ನಾ ಒಳಗ ಹೋಗಲಾರೆ."

ಕೊನೆಗೆ ಉಳಿದದ್ದು ಒಂದೇ ದಾರಿ. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಚೆನ್ನಾಗಿ ಹೊಗೆ ಕುಡಿದ ಬುರುಡೆ ಮಸ್ಕಿಯಲ್ಲಿ ಟೆಂಟು ಹೊಡೆದಿದ್ದ ಕಂಪನಿಯ ಭೀಮನ ಕೈಯಲ್ಲಿತ್ತು. ಸಾವುಕಾರರು, ನಾನು, ನೀಲಮ್ಮ ಮೂವರೂ ಬೆಳಗಿನ ಬಸ್ಸಿಗೆ ಹೊರಟೆವು. ನೀಲಮ್ಮನನ್ನು ಬೇಡವೆಂದೆವು. "ನನ್ನ ಬುರುಡಿ ನಾ ಆರಿಸಿಕೊಳ್ಳಬ್ಯಾಡೇನು?" ಎಂದು ಅವರೇ ಮೊದಲು ಹತ್ತಿ ಕುಳಿತರು.

ಭೀಮನ ಪಾತ್ರದ ರುದ್ರಪ್ಪ ಟೆಂಟಿನ ಮುಂದೆ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದರು. ದೊಡ್ಡ ಆಳು, ಅದಕ್ಕೂ ದೊಡ್ಡ ಹೊಟ್ಟೆ. ಗದೆ ಪಕ್ಕದ ಕುರ್ಚಿಯಲ್ಲಿ ಕುಳಿತಿತ್ತು. ವಿಷಯ ಕೇಳಿ ಅವರು ಗದೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

"ಆಗೂದಿಲ್ರಿ. ಇವತ್ತ ಸಂಜಿಕ ಆಟ ಐತಿ. ಗದಾ ಇಲ್ದ ಭೀಮ ಅಂದ್ರ ಏನು ಉಳೀತು? ಬರೇ ಹೊಟ್ಟಿ."

"ಬದಲಿಗೆ ಏನ್ ಬೇಕಾದ್ರೂ ಕೊಡ್ತೀವಿ," ಎಂದರು ಸಾವುಕಾರರು. "ಹಾರ್ಮೋನಿಯಂ ಕೊಡ್ತೀವಿ. ಬೆಂಚ್ ಕೊಡ್ತೀವಿ. ಬೇಕಂದ್ರ ಒಂದು ಛಂದನ ತೊಟ್ಟಲಾ ಕೊಡ್ತೀವಿ."

"ತೊಟ್ಟಲಾ ತಗೊಂಡು ಏನ್ ಮಾಡ್ಲಿ? ದುರ್ಯೋಧನನ್ನ ಮಲಗಿಸಿ ತೂಗ್ಲೇನು?"

ನೀಲಮ್ಮ ಅಷ್ಟರಲ್ಲಿ ಹತ್ತಿರ ಹೋಗಿ, "ಒಂದ್ಸಲ ಕೊಡಪ್ಪ, ಓಡಿಹೋಗೂದಿಲ್ಲ" ಎಂದು ಗದೆಯನ್ನು ಇಸಿದುಕೊಂಡರು. ಬೆರಳಿನಿಂದ ತಟ್ಟಿದರು. ಮುಖ ಅರಳಿತು. ಅಲ್ಲೇ ನೆಲದ ಮೇಲೆ ಕುಳಿತು, ಗದೆಯನ್ನು ತಂಬೂರಿಯಂತೆ ಹೆಗಲಿಗೆ ಆನಿಸಿಕೊಂಡು, ಬುರುಡೆಯನ್ನು ತಟ್ಟುತ್ತ ಹಾಡತೊಡಗಿದರು. ದನಿ ಸಣ್ಣದು, ಆದರೆ ಬಜಾರಿನ ಸದ್ದು ಅದಕ್ಕೆ ದಾರಿ ಬಿಟ್ಟಿತು. ಟೆಂಟಿನೊಳಗಿಂದ ಅರ್ಧ ಕ್ಷೌರ ಮಾಡಿಕೊಂಡ ದುರ್ಯೋಧನ ಹೊರಗೆ ಬಂದ. ಸೀರೆ ಒಗೆಯುತ್ತಿದ್ದ ದ್ರೌಪದಿಯ ಪಾತ್ರದ ಮೀಸೆಯವನೂ ಬಂದ. ಬಂಗಾರದ ಗದೆ ಹೊತ್ತ ಮುದುಕಿ ಶಿವನ ಪದ ಹಾಡುವುದನ್ನು ನೋಡಿ ಮೊದಲು ಕೆಲವರು ನಕ್ಕರು. ಎರಡನೆಯ ನುಡಿಗೆ ಯಾರೂ ನಗಲಿಲ್ಲ. ಮೂರನೆಯ ನುಡಿ ಬರಲೇ ಇಲ್ಲ. ನೀಲಮ್ಮ ತಡವರಿಸಿದರು, ಮತ್ತೆ ಎರಡನೆಯದನ್ನೇ ಹಾಡಿದರು, ಮತ್ತೆ ನಿಂತರು.

"ಮುಂದ ಐತಿ," ಎಂದರು. "ಇತ್ತು. ತಂತಿ ಇಲ್ದ ಬರವಲ್ದು."

ರುದ್ರಪ್ಪನವರ ಕಣ್ಣಲ್ಲಿ ನೀರು. ಮಿರ್ಚಿಯದೂ ಇರಬಹುದು. "ತಗೊಂಡ್ಹೋಗ್ರೆವ್ವ," ಎಂದರು. "ಆದ್ರ ಸಾವ್ಕಾರ್ರ, ಸಂಜಿಗೆ ನನ್ನ ಕೈಯಾಗ ಏನಾರ ಇರಬೇಕು."

ನಾನು ಮಸ್ಕಿಯ ಕುಂಬಾರರ ಮನೆಯಿಂದ ಒಂದು ಗಡಿಗೆ ತಂದು, ಕಂಠಕ್ಕೆ ಕೋಲು ಬಿಗಿದು, ಬಣ್ಣ ಬಳಿದು ಕೊಟ್ಟೆ. ಮೆಲ್ಲಗೆ ಹೊಡೆಯಿರಿ ಎಂದು ಹೇಳಿಯೂ ಹೇಳಿದೆ. ಮರುದಿನ ತಿಳಿಯಿತು. ಆವೇಶದಲ್ಲಿ ಭೀಮ ದುರ್ಯೋಧನನ ತೊಡೆಗೆ ಬೀಸಿದ್ದಾನೆ, ಗಡಿಗೆ ಫಡ್ ಎಂದು ಒಡೆದು ಚೂರುಗಳು ಮುಂದಿನ ಸಾಲಿನವರ ಮಡಿಲಿಗೆ ಬಿದ್ದಿವೆ, ದುರ್ಯೋಧನ ಪಾತ್ರ ಮರೆತು "ಅಯ್ಯೋ ಯವ್ವಾ" ಎಂದು ನಿಜವಾಗಿ ಕೂಗಿದ್ದಾನೆ. ತೊಡೆ ಮುರಿದದ್ದೆಂದರೆ ಇದು ಎಂದು ಜನ ಎದ್ದುನಿಂತು ಸಿಳ್ಳು ಹಾಕಿದರಂತೆ. ಅಂದಿನಿಂದ ಆ ಕಂಪನಿ ಪ್ರತಿ ಆಟಕ್ಕೂ ಗಡಿಗೆಯನ್ನೇ ತರಿಸಿತು. ನಮ್ಮ ಗದೆಯ ವ್ಯಾಪಾರ ಕುಂಬಾರರಿಗೆ ಹೋಯಿತು.

ಲಿಂಗಸುಗೂರಿಗೆ ಬಂದು ಸಾವುಕಾರರು ತಾವೇ ಕೆಲಸಕ್ಕೆ ಕುಳಿತರು. ಒದ್ದೆ ಬಟ್ಟೆ ಹಾಕಿ ಬಣ್ಣ ಬಿಡಿಸಿದರು, ಮೆತ್ತಿದ ಬಟ್ಟೆ ಸುಲಿದರು, ನಾನು ಹಿಡಿಕೆಗೆಂದು ಕೊರೆದಿದ್ದ ತೂತನ್ನು ದಂಡಿಯ ಬಾಯಿಗೆ ಹೊಂದಿಸಿದರು. ಅಲ್ಲಿಯವರೆಗೆ ಸರಿಯಿತ್ತು. ಬಂದದ್ದು ಜೀವಾಳದ ಹೊತ್ತು. ತಂತಿಗಳು ಕುಳಿತುಕೊಳ್ಳುವ ಪುಟ್ಟ ದಿಮ್ಮಿಗೆ ಕುದುರೆ ಎನ್ನುತ್ತೇವೆ. ಅದರ ಮೇಲೆ, ತಂತಿಯ ಕೆಳಗೆ ಜೀವಾಳವೆಂಬ ಒಂದು ದಾರದ ಎಳೆ ಇಡಬೇಕು. ಅದು ಕೂದಲೆಳೆಯಷ್ಟು ಆಚೀಚೆ ಆದರೂ ತಂಬೂರಿಗೆ ಜೀವ ಬರುವುದಿಲ್ಲ. ಹಿಂದೆ ಮಾತಾಡುತ್ತಲೇ ಅದನ್ನು ಕೂರಿಸುತ್ತಿದ್ದ ಮನುಷ್ಯ ಈಗ ದಾರ ಇಟ್ಟರು, ಮೀಟಿದರು, ತೆಗೆದರು. ಮತ್ತೆ ಇಟ್ಟರು. ದಾರದ ಜಾಗ ಸಿಗಲಿಲ್ಲ.

"ಮೌನೇಶ, ನೀ ಇಡು," ಎಂದರು.

ನನಗೂ ಬರಲಿಲ್ಲ. ನಾನೂ ಅಷ್ಟು ದಿನ ತೊಟ್ಟಿಲು ಮಾಡಿದವನೇ.

ಹೊರಗೆ ಯಾರೋ ಲಟ್ಟಣಿಗೆ ಕೇಳಿಕೊಂಡು ಬಂದರು. ಗುರಮ್ಮಕ್ಕ ಎದ್ದುಹೋಗಿ ಬಾಗಿಲು ಹಾಕಿ, ಅಗುಳಿಯನ್ನೂ ಹಾಕಿ ಬಂದು ಕುಳಿತರು. ಅಂದು ಮೊದಲ ಸಲ ಅವರು ತಮ್ಮನಿಗೆ ಪ್ರಶ್ನೆ ಕೇಳಲಿಲ್ಲ. "ನಿಧಾನ ಮಾಡು ಶರಣಾ," ಎಂದರು. "ನಾವು ಎಲ್ಲೂ ಹೋಗಬೇಕಾಗಿಲ್ಲ."

ಸಾವುಕಾರರು ಕಣ್ಣು ಮುಚ್ಚಿ ಕಿವಿಯನ್ನು ಬುರುಡೆಗೆ ಇಟ್ಟರು. ದಾರವನ್ನು ಬೆರಳಿನಿಂದ ನೂಕುತ್ತ, ಮೀಟುತ್ತ, ನೂಕುತ್ತ ಹೋದರು. ಎಷ್ಟೋ ಹೊತ್ತಿನ ಮೇಲೆ ತಂತಿಯ ಸದ್ದು ಒಮ್ಮೆಲೇ ಬಿಚ್ಚಿಕೊಂಡಿತು. ಅದನ್ನು ಹೇಗೆ ಹೇಳಲಿ? ಅಷ್ಟು ಹೊತ್ತು ಗೋಡೆಯ ಆಚೆಯಿಂದ ಮಾತಾಡುತ್ತಿದ್ದವರು ಒಳಗೆ ಬಂದು ಕುಳಿತಂತಾಯಿತು. ನೀಲಮ್ಮ ಕೈ ಚಾಚಿ ತಂಬೂರಿ ತೆಗೆದುಕೊಂಡರು. ಮಸ್ಕಿಯಲ್ಲಿ ನಿಂತುಹೋಗಿದ್ದ ಪದವನ್ನೇ ಎತ್ತಿಕೊಂಡರು. ಮೂರನೆಯ ನುಡಿ ಬಂತು. ನಾಲ್ಕನೆಯದು ಬಂತು. ಆ ಪದ ಮುಗಿದು ಇನ್ನೊಂದು ಬಂತು. ಬರುತ್ತಾ ಬರುತ್ತಾ ಅವರು ನಗುತ್ತಿದ್ದರು, ಕಳೆದುಹೋದ ಮಕ್ಕಳು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದಂತೆ. ಸಾವುಕಾರರು ಗೋಡೆಗೆ ಒರಗಿ, ಮುಂಡಾಸಿನ ತುದಿಯಿಂದ ಮುಖ ಮುಚ್ಚಿಕೊಂಡಿದ್ದರು.

ಇಷ್ಟು ಕೇಳಿ ಆ ಸಿಂಧನೂರಿನ ತರುಣ, "ಹಂಗಾದ್ರ ನಾ ಗಿಟಾರ್ ಒಂದ ಮಾಡ್ಲೇನ್ರಿ ಅಜ್ಜಾರ?" ಎಂದು ಕೇಳಿದ. ಹಾಗೇನೂ ಇಲ್ಲಪ್ಪ ಎಂದೆ. ತೊಟ್ಟಿಲನ್ನು ನಾವು ಬಿಡಲಿಲ್ಲ, ಚೆನ್ನಾಗಿ ಮಾಡುತ್ತಿದ್ದೆವು. ಹಾರ್ಮೋನಿಯಂ ಕೂಡ ಒಣಗಿದ ಮರ ಹಾಕತೊಡಗಿದ ಮೇಲೆ ಸುಮ್ಮನಿರಬೇಕಾದಲ್ಲಿ ಸುಮ್ಮನಿತ್ತು. ಆದರೆ ಹೊಸದೊಂದನ್ನು ಮಾಡುವಾಗ ಅದಕ್ಕೆ ಬೇಕಾದ ಮರ, ಹೊತ್ತು, ಕೈ ಯಾವುದರಿಂದ ಬಂತು ಎಂದು ತಲೆಯೆತ್ತಿ ನೋಡಬೇಕು. ನಾವು ನೋಡಿರಲಿಲ್ಲ.

ನೀಲಮ್ಮ ಊರಿಗೆ ಹೋದ ವಾರದಲ್ಲೇ ಸಾವುಕಾರರು ನನ್ನನ್ನು ಕರೆದುಕೊಂಡು ಸಾಲಗುಂದಕ್ಕೆ ಹೋದರು. ಭೀಮನಗೌಡರು ಗದ್ದೆಯ ಬದುವಿನ ಮೇಲೆ ನಿಂತಿದ್ದರು. ಕಾಲುವೆಯ ನೀರು ಬಂದಿತ್ತು. ನಾವು ಜೋಳ ನೋಡಿದ್ದ ಹೊಲದಲ್ಲಿ ಭತ್ತದ ಸಸಿ.

"ನೀರ ಬಂದಾವ ಸಾವ್ಕಾರ್ರ," ಎಂದು ಅವರು ನಕ್ಕರು. "ಇನ್ನ ಕಹಿ ಸ್ವಾರಿ ಯಾರ ಹಾಕ್ತಾರ? ದನಾನೂ ಮೂಸೂದಿಲ್ಲ ಅದನ್ನ."

ಸಾವುಕಾರರು ಬಹಳ ಹೇಳಿಕೊಂಡರು. ಕೊನೆಗೆ ಗೌಡರು ಹುಲ್ಲಿನ ಬಣವೆಯ ಹಿಂದಿನ ಮುಳ್ಳುಬೇಲಿ ತೋರಿಸಿ, ಅದರ ಮೇಲೆ ಹಬ್ಬಿಸಿಕೊಳ್ಳಿ ಎಂದರು. ಹಳೆಯ ಬೀಜ ಹುಡುಕಿ ಕೊಟ್ಟವರು ಗೌಡರ ಹೆಂಡತಿ. ಆ ವರ್ಷ ಸಾವುಕಾರರು ಅಂಗಡಿಗಿಂತ ಹೆಚ್ಚು ಆ ಬೇಲಿಯ ಹತ್ತಿರ ಇದ್ದರು. ಗೌಡರ ಮನೆಯವರು ಅವರನ್ನು 'ಸ್ವಾರಿ ಸಾವ್ಕಾರ್ರು' ಎಂದು ಕರೆಯತೊಡಗಿದರು. ಅದಕ್ಕೂ ಅವರು ಓಗೊಡುತ್ತಿದ್ದರು.

ಕಾಯಿ ಬಲಿತು ಒಣಗಿದಾಗ ಲಿಂಗಸುಗೂರಿನ ಅಡುಗೆಮನೆಯ ಜಂತಿ ಸಾಲಲಿಲ್ಲ. ಸಿಂಧನೂರಿನ ಅಂಗಡಿಯ ಬೆಂಚು, ಕಿರೀಟಗಳನ್ನೆಲ್ಲ ಮಾರಿ ಮುಗಿಸಿ, ಒಳಗೆ ಒಲೆ ಹೂಡಿ, ಮೇಲೆ ಸಾಲು ಸಾಲು ಬುರುಡೆ ಕಟ್ಟಿದೆವು. ಬಜಾರದ ನಡುವೆ ಮಾರಲು ಏನೂ ಇಲ್ಲದ, ಬರೀ ಹೊಗೆ ತುಂಬಿದ ಅಂಗಡಿ ನಮ್ಮದೊಂದೇ. ಸಾವುಕಾರರು ಕೆಮ್ಮುತ್ತ, ಏಣಿ ಹತ್ತಿ, ಒಂದೊಂದು ಬುರುಡೆಯನ್ನೂ ತಿರುಗಿಸಿ ಕಟ್ಟುತ್ತಿದ್ದರು. ಒಂದು ದಿನ ಸಂತೆಗೆ ಬಂದ ಹೆಣ್ಣುಮಗಳೊಬ್ಬಳು ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಳು.

"ಏನ್ರಿ ಯಪ್ಪಾ, ಈ ಸ್ವಾರಿಕಾಯಿ ಪಲ್ಯಕ್ಕ ಬರ್ತಾವೇನು?"

ಸಾವುಕಾರರು ಏಣಿಯ ಮೇಲಿನಿಂದಲೇ ಬಗ್ಗಿ ನೋಡಿದರು.

"ಪಲ್ಯಕ್ಕ ಬರೂದಿಲ್ಲವ್ವಾ. ಪದಕ್ಕ ಬರ್ತಾವ."

"ಹೌದೇನು? ಯಾವಾಗ?"

"ಇನ್ನ ಎರಡು ವರ್ಷ ತಡಿ."

ಆಕೆ ಮೇಲೆ ನೋಡಿದಳು, ಒಲೆ ನೋಡಿದಳು, ನನ್ನ ಮುಖ ನೋಡಿದಳು. ಬುಟ್ಟಿ ಎತ್ತಿಕೊಂಡು, ಈ ಮನುಷ್ಯನಿಗೆ ಯಾರಾದರೂ ಊಟಕ್ಕಾದರೂ ಹಾಕುತ್ತಾರೋ ಇಲ್ಲವೋ ಎಂಬಂತೆ 'ಹ್ಞೂಂ' ಎಂದು ನಿಟ್ಟುಸಿರು ಬಿಟ್ಟು, ತನ್ನ ಬುಟ್ಟಿಯಿಂದ ಎರಡು ಬದನೆಕಾಯಿ ತೆಗೆದು ಹೊಸ್ತಿಲ ಮೇಲಿಟ್ಟು ಹೋದಳು.